ಮಡಿಸದೆ ಕತ್ತರಿಸಿದ ಕಾಗದ

ಆಕೆ ಯಾರನ್ನೇ ಆಗಲಿ ಮೊದಲು ಬೆನ್ನಿನ ಕಡೆಯಿಂದ ನೋಡುತ್ತಿದ್ದಳು. ಗೋರೆಗಾಂವ್ ಸ್ಟೇಶನ್ನಿನ ಸೇತುವೆ ಹತ್ತುವಾಗ ಮುಂದೆ ಹೋಗುತ್ತಿರುವ ಹೆಂಗಸಿನ ಬ್ಲೌಸನ್ನೋ, ಕಾಲೇಜು ಹುಡುಗಿಯ ಕುರ್ತಾವನ್ನೋ ಕಣ್ಣು ಕೀಲಿಸಿ ನೋಡುತ್ತ ನನ್ನ ಮೊಣಕೈ ತಿವಿಯುತ್ತಿದ್ದಳು. “ಮುಂದ ಯಾರು ಬೇಕಾದವ್ರು ಚಂದ ಹೊಲೀತಾರ್ರೀ ಅಕ್ಕೋರ. ಹಿಂದ ನೋಡಬೇಕು. ಹೊಲಿದವರ ಕೈ ಹಿಂದ ಗೊತ್ತಾಗತೈತಿ.” ನಾನು ಹುಟ್ಟಾ ಟೀಚರು, ಗದರಿಸುವುದು ನನ್ನ ಸ್ವಭಾವ. “ಜನ ಬೈತಾರೆ, ಸುಮ್ಮನೆ ಮೆಟ್ಟಿಲು ನೋಡಿಕೊಂಡು ಹತ್ತಿ” ಎನ್ನುತ್ತಿದ್ದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಹತ್ತುತ್ತಿದ್ದಳು. ಮೇಲೆ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು.

ಆಕೆ ಹೋದದ್ದು ಈ ಸಲದ ಮಳೆಗಾಲ ಮುಗಿಯುತ್ತಿದ್ದಾಗ. ಉಸಿರಾಟದ ತೊಂದರೆ ಎಂದು ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ಮನೆಗೆ ಬಂದದ್ದು ಹೆಣ. ನಮ್ಮ ಹಳೆಯ ಬಿಲ್ಡಿಂಗಿನ ಗ್ಯಾಲರಿಯಲ್ಲಿ ಆಕೆಯ ಮನೆಯ ಬಾಗಿಲು, ನನ್ನ ಮನೆಯ ಬಾಗಿಲು ಎದುರುಬದುರು. ಅಷ್ಟು ವರ್ಷ ಹಾಗೆ ಇದ್ದೂ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಆಕೆ ‘ರೇಣುನ ಅವ್ವ’. ಮಗಳು ರೇಣುಕಾ ಹುಟ್ಟಿದ ಮೇಲೆ ಬಂದ ಹೆಸರು ಅದು, ಆಮೇಲೆ ಮಗ ಮಂಜು ಹುಟ್ಟಿದರೂ ಬದಲಾಗಲಿಲ್ಲ. ನಾನೂ ಇಲ್ಲಿ ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಬರೆದಿದ್ದರೆ ನಾಲ್ಕು ದಿನ ನನ್ನ ಜೊತೆ ಮಾತು ಬಿಡುತ್ತಿದ್ದಳು.

ಬಾಗಲಕೋಟೆ ಕಡೆಯವರು ಅವರು. ಗಂಡ ಫಿಲ್ಮ್ ಸಿಟಿಯಲ್ಲಿ ಸೆಟ್ ಹಾಕುವ ಬಡಗಿ. ಮಾತು ಕಡಿಮೆಯ ಮನುಷ್ಯ. ಕೇಳಿದರೆ, “ನಮ್ಮದೇನ್ರೀ, ಮುಂದ ಅರಮನಿ, ಹಿಂದ ಬರೇ ಬಿದರು” ಎಂದು ತನ್ನ ಕೆಲಸವನ್ನು ತಾನೇ ಆಡಿಕೊಳ್ಳುತ್ತಿದ್ದ. ನಾನು ಮೈಸೂರು ಕಡೆಯವಳು, ಮದುವೆಯಾಗಿ ಈ ಊರಿಗೆ ಬಂದು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕೆಲಸ ಮಾಡಿ, ಮಕ್ಕಳೇ ಬಾರದಂತಾಗಿ ಆ ಶಾಲೆ ಮುಚ್ಚುವ ಹೊತ್ತಿಗೆ ರಿಟೈರ್ ಆದವಳು. ಅವರ ಊರಿನಲ್ಲಿ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರಂತೆ. ಮೊದಲ ದಿನವೇ ಹಾಗೆ ಕರೆದಳು. ನನಗೂ ಹಿತವಾಗಿತ್ತು, ತಿದ್ದಲಿಲ್ಲ.

ಆಕೆ ಹೊರಗಿನವರಿಗೆ ಹೊಲಿದವಳಲ್ಲ. ಬಿಲ್ಡಿಂಗಿನ ಹೆಂಗಸರು ಬ್ಲೌಸ್ ಪೀಸ್ ಹಿಡಿದುಕೊಂಡು ಬಾಗಿಲಿಗೆ ಬಂದರೆ ಚಹಾ ಕುಡಿಸಿ ಕಳಿಸುತ್ತಿದ್ದಳು. “ಮಂದಿ ಮೈ ನನಗ ತಿಳಿಯೂದಿಲ್ಲ” ಎನ್ನುತ್ತಿದ್ದಳು. ಹೊಲಿದದ್ದೆಲ್ಲ ಗಂಡನಿಗೆ, ಇಬ್ಬರು ಮಕ್ಕಳಿಗೆ, ತನಗೆ. ಆ ಮನೆಗೆ ಅಂಗಡಿಯ ಸಿದ್ಧ ಉಡುಪು ಬಂದದ್ದನ್ನು ನಾನು ತುಂಬ ಕಾಲ ಕಾಣಲಿಲ್ಲ. ಒಲೆಯ ಮೇಲೆ ಬೇಳೆ, ಪಕ್ಕದಲ್ಲಿ ಮಗ್ಗಿ ಒಪ್ಪಿಸುವ ಮಂಜು, ಕಾಲಡಿಯಲ್ಲಿ ಮಷೀನಿನ ಪೆಡಲು. ಮಂಜು ಏಳೆಂಟ್ಲೆ ತಪ್ಪು ಹೇಳಿದರೆ ಪೆಡಲು ತಟ್ಟನೆ ನಿಲ್ಲುತ್ತಿತ್ತು. ಆಕೆ ತಲೆ ಎತ್ತುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವನು ತಿದ್ದಿಕೊಂಡ ಮೇಲೆ ಮಷೀನು ಮತ್ತೆ ಓಡುತ್ತಿತ್ತು. ಇಂಥ ಪಾಠದ ಕ್ರಮ ನನಗೆ ಬಿಎಡ್‌ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನೋಡಿದ ಬಟ್ಟೆಯನ್ನು ಮನೆಗೆ ಬಂದು ಕಾಗದದಲ್ಲಿ ಇಳಿಸುವುದು ಆಕೆಯ ವಿದ್ಯೆ. ಒಮ್ಮೆ ಮಾಟುಂಗಕ್ಕೆ ನನ್ನ ಜೊತೆ ಕಾಫಿಪುಡಿ ತರಲು ಬಂದವಳು, ಲೋಕಲ್ಲಿನಲ್ಲಿ ಎದುರಿಗೆ ನಿಂತಿದ್ದ ಹುಡುಗಿಯೊಬ್ಬಳ ತೋಳಿನ ನೆರಿಗೆಯನ್ನು ದಾದರ್‌ವರೆಗೂ ನೋಡಿದಳು. ಆ ಹುಡುಗಿ ಸಂಶಯದಿಂದ ಪರ್ಸನ್ನು ಎದೆಗೆ ಅವಚಿಕೊಂಡಳು. ಮರುದಿನ ನನ್ನ ಮನೆಯ ಹಳೆಯ ಕನ್ನಡ ಪೇಪರುಗಳನ್ನು ಕೇಳಿ ಒಯ್ದು, ಅನ್ನದ ಗಂಜಿಯಲ್ಲಿ ಅಂಟಿಸಿ, ಆ ತೋಳನ್ನು ಕತ್ತರಿಸಿ ಇಟ್ಟಿದ್ದಳು. ಬಟ್ಟೆಯ ಮೇಲೆ ಗುರುತು ಹಾಕಲು ಸವೆದ ಸೋಪಿನ ಚೂರು. ಕತ್ತರಿಸಿದ ಪೇಪರುಗಳನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದಳು. ಫ್ಯಾನು ಹಾಕಿದರೆ ಮಂಜುವಿನ ಷರ್ಟು, ರೇಣುನ ಫ್ರಾಕು, ಗಂಡನ ಪೈಜಾಮದ ಕಾಲು ಎಲ್ಲವೂ ಮಂತ್ರಿಗಳ ಭಾಷಣದ ಸಮೇತ ಅಲ್ಲಾಡುತ್ತಿದ್ದವು.

ಕಾಗದ ಕತ್ತರಿಸುವ ಮೊದಲು ಅದನ್ನು ನಟ್ಟನಡುವೆ ಮಡಿಸಬೇಕು. ಮಡಿಕೆಯ ಮೇಲೆ ಅರ್ಧ ಕತ್ತು, ಒಂದು ಭುಜ, ಒಂದು ಕಂಕುಳು ಬರೆದು ಕತ್ತರಿಸಿ ಬಿಡಿಸಿದರೆ ಪೂರ್ತಿ ಅಂಗಿ ತೆರೆದುಕೊಳ್ಳುತ್ತದೆ, ಎಡಬಲ ಒಂದೇ ಸಮ. ಮಕ್ಕಳು ಚಿಕ್ಕವರಿದ್ದಾಗ ಅದನ್ನು ಬಿಡಿಸುವ ಹಕ್ಕಿಗಾಗಿ ಜಗಳಾಡುತ್ತಿದ್ದರು. “ಅರ್ಧಾ ಮನಷ್ಯಾನ್ನ ಕತ್ತರಿಸಿದ್ರ ಸಾಕ್ರೀ ಅಕ್ಕೋರ, ಉಳಿದರ್ಧಾ ತಾನ ಬರತಾನ,” ಎಂದು ನನಗೂ ತೋರಿಸಿಕೊಟ್ಟಿದ್ದಳು.

ಟೇಪು ಮಾತ್ರ ಮಕ್ಕಳ ಮೈಗೆ ಹಚ್ಚುತ್ತಿರಲಿಲ್ಲ. ಬೆಳೆಯುವ ಮಕ್ಕಳನ್ನು ಟೇಪು ಹಿಡಿದು ಅಳೆದರೆ ಬೆಳವಣಿಗೆಗೆ ದೃಷ್ಟಿಯಾಗುತ್ತದಂತೆ. ಅದು ಅವರ ಊರಿನ ನಂಬಿಕೆಯೋ ಆಕೆಯದೇ ನಂಬಿಕೆಯೋ ನನಗೆ ತಿಳಿಯದು. ಭಾನುವಾರ ಎಣ್ಣೆ ಸ್ನಾನ. ಗ್ಯಾಲರಿಯ ಬಿಸಿಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆನ್ನು ತಿಕ್ಕುತ್ತಿದ್ದಳು. ಅಂಗೈಯಲ್ಲೇ ಅಳತೆ ಸಿಗುತ್ತಿತ್ತು. ಮಧ್ಯಾಹ್ನ ಊಟವಾದ ಕೂಡಲೇ, ಕೈಯಲ್ಲಿ ಇನ್ನೂ ಆ ಅಳತೆ ಇರುವಾಗಲೇ, ಕಾಗದ ಕತ್ತರಿಸಿಬಿಡುತ್ತಿದ್ದಳು.

ಒಮ್ಮೆ ಫಿಲ್ಮ್ ಸಿಟಿಯಲ್ಲಿ ಯಾವುದೋ ರಾಜನ ಸೆಟ್ಟು ಕಿತ್ತಾಗ ಗಂಡ ಕೆಂಪು ಸ್ಯಾಟಿನ್ನಿನ ಪರದೆ ಮನೆಗೆ ತಂದ. ಆಕೆ ಅದರಲ್ಲಿ ರೇಣುಗೆ ಲಂಗ, ಮಂಜುವಿಗೆ ಅಂಗಿ ಹೊಲಿದಳು. ಕೆಲವು ದಿನಗಳ ಮೇಲೆ ನಮ್ಮ ಮನೆಯ ಟೀವಿಯಲ್ಲಿ ಸೀರಿಯಲ್ ನೋಡುತ್ತಿದ್ದಾಗ ಸಿಂಹಾಸನದ ಹಿಂದೆ ಅದೇ ಬಟ್ಟೆ ಕಂಡಿತು. ಮಂಜು ಎದ್ದು ನಿಂತು, “ರಾಜಾ ನನ್ನ ಅಂಗಿ ಮುಂದ ಕುಂತಾನ” ಎಂದ. ಆ ಹುಡುಗನಿಗೆ ಬಹಳ ದಿನ ಗ್ಯಾಲರಿಯಲ್ಲಿ ‘ಮಹಾರಾಜ’ ಎಂದೇ ಹೆಸರಾಯಿತು. ಆಕೆ ಅವತ್ತು ನಕ್ಕ ಹಾಗೆ ಆಮೇಲೆ ನಕ್ಕದ್ದು ನನಗೆ ನೆನಪಿಲ್ಲ.

ರೇಣು ಎಂಟನೇ ಕ್ಲಾಸಿಗೆ ಬಂದ ವರ್ಷ ಗ್ಯಾಲರಿಯ ಎಣ್ಣೆ ಸ್ನಾನ ನಿಂತು ಬಚ್ಚಲಿಗೆ ಹೋಯಿತು. ಹುಡುಗಿ ದೊಡ್ಡವಳಾದಳು, ಸಹಜ ಅಂದುಕೊಂಡೆ. ಅದೇ ವರ್ಷ ಒಂದು ಭಾನುವಾರ ಮಧ್ಯಾಹ್ನ ನಾನು ಹೋದಾಗ ಆಕೆ ನೆಲದ ಮೇಲೆ ಪೇಪರು ಹರಡಿಕೊಂಡಿದ್ದಳು. ರೇಣುಗೆ ಕುರ್ತಾ. ಕಾಗದವನ್ನು ಮಡಿಸಿರಲಿಲ್ಲ. ಒಂದು ಭುಜ ಬರೆದು, ಎಷ್ಟೋ ಹೊತ್ತು ನೋಡಿ, ಇನ್ನೊಂದು ಭುಜವನ್ನು ಬೇರೆಯಾಗಿಯೇ ಬರೆಯುತ್ತಿದ್ದಳು.

“ಮಡಿಸೋದು ಮರ್ತುಬಿಟ್ರಾ?” ಎಂದು ಕೇಳಿದೆ.

“ಎರಡೂ ಕಡಿ ಒಂದ ಥರಾ ಇರೋ ಮನಷ್ಯಾ ಯಾವ ಊರಾಗ ಅದಾನ್ರೀ?” ಎಂದಳು. ತಲೆ ಎತ್ತಲಿಲ್ಲ.

ಎಂಥ ಮಾತು ಎಂದು ನಾನು ಬೆರಗಾದೆ. ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ವೇದಾಂತ ಎಂಬಂತೆ ಎಲ್ಲರಿಗೂ ಹೇಳಿ ಮೆಚ್ಚಿಗೆ ಪಡೆದೆ.

ಆಮೇಲಿನ ನಾಲ್ಕೈದು ವರ್ಷ ಆಕೆ ಮಗಳಿಗೆ ಹೊಲಿದ ಬಟ್ಟೆಗಳಷ್ಟು ಚೆಲುವಾದವನ್ನು ಆಕೆಯ ಕೈಯಿಂದಲೂ ನಾನು ಹಿಂದೆ ಕಂಡಿರಲಿಲ್ಲ. ಬೆನ್ನ ಮೇಲೆ ಓರೆಯಾಗಿ ಇಳಿಯುವ ಹೊಲಿಗೆ, ಒಂದೇ ಪಕ್ಕಕ್ಕೆ ನೆರಿಗೆ, ಅಗಲ ಕಾಲರು, ಒಂದು ಭುಜದಿಂದ ಹೊರಟು ಸೊಂಟಕ್ಕೆ ಬರುವ ಪಟ್ಟಿ. ಶಾಲೆಯ ಯೂನಿಫಾರ್ಮಿಗೂ ಏನೋ ಒಂದು ಕೈಚಳಕ. ಬಿಲ್ಡಿಂಗಿನ ಹುಡುಗಿಯರೆಲ್ಲ ರೇಣುನ ಡ್ರೆಸ್ಸು ಎಂದರೆ ಬಾಯಿ ಬಿಡುತ್ತಿದ್ದರು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ವಹಿನಿ ಎಂದು ಕರೆಯುತ್ತಿದ್ದವಳು, ರೇಣುನ ಅವ್ವ ಮನೆಯಲ್ಲಿಲ್ಲದಾಗ ಬಂದು, ರೇಣುನನ್ನು ಪುಸಲಾಯಿಸಿ ಒಂದು ಕುರ್ತಾ ಕೇಳಿ ಒಯ್ದು, ಸ್ಟೇಶನ್ ಬಳಿಯ ಟೇಲರಿಗೆ ಕೊಟ್ಟು ತನ್ನ ಮಗಳಿಗೆ ಅದೇ ಅಚ್ಚಿನಲ್ಲಿ ಹೊಲಿಸಿದಳು. ಆ ಹುಡುಗಿಯ ಮೈಮೇಲೆ ಅದು ಸೊಟ್ಟಗೆ ಕೂತಿತು. ಒಂದು ಭುಜದಲ್ಲಿ ಬಿಗಿ, ಒಂದು ಭುಜದಲ್ಲಿ ಜೋಲು. ವಹಿನಿ ಟೇಲರಿನ ವಂಶವನ್ನೆಲ್ಲ ಜಾಲಾಡಿದಳು. ನಾವೆಲ್ಲ ಟೇಲರಿಗೆ ಬೈದೆವು. ರೇಣುನ ಅವ್ವ ಮಾತ್ರ ಮನೆಯೊಳಗೆ ಹೋಗಿ, “ನನ್ನ ಕೇಳದ ಬಟ್ಟಿ ಯಾಕ ಕೊಟ್ಟಿ?” ಎಂದು ಮಗಳ ಮೇಲೆ ದನಿ ಎತ್ತಿದಳು. ಆಕೆಯ ದನಿ ನಮ್ಮ ಮನೆಯವರೆಗೂ ಕೇಳಿದ್ದು ಅದೇ ಮೊದಲು.

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾನು ಎಷ್ಟೋ ಕ್ಲಾಸುಗಳಿಗೆ ವಿಸ್ತರಿಸಿ ಬರೆಯಿರಿ ಎಂದು ಕೊಟ್ಟಿದ್ದೇನೆ. ರೇಣುಗೆ ತನ್ನ ಬೆನ್ನು ಕಂಡಿರಲಿಲ್ಲ. ಮನೆಯಲ್ಲಿದ್ದದ್ದು ಮುಖ ನೋಡುವಷ್ಟು ಕನ್ನಡಿ. ಸೊಂಟ ನೋಯುತ್ತದೆ ಎಂದಾಗೆಲ್ಲ ಅವ್ವ ಎಣ್ಣೆ ತಿಕ್ಕಿ, “ಬೆಳೆಯೋ ಹುಡುಗ್ಯಾರಿಗೆ ಹಂಗ” ಎನ್ನುತ್ತಿದ್ದಳಂತೆ. ಅಪ್ಪ ಬೆಳಗ್ಗೆ ಹೋದರೆ ಮಕ್ಕಳು ಮಲಗುವ ಹೊತ್ತಿಗೆ ಬರುವವನು. ಮಗಳನ್ನು ಅವನು ನೋಡಿದ್ದೂ ಆಕೆ ಹೊಲಿದ ಬಟ್ಟೆಯಲ್ಲೇ, ನಮ್ಮೆಲ್ಲರ ಹಾಗೆ.

ಕಾಲೇಜಿಗೆ ಸೇರಿದ ಮೇಲೆ ರೇಣು ಎನ್‌ಸಿಸಿಗೆ ಹೆಸರು ಕೊಟ್ಟಳು. ಅಂಧೇರಿಯ ಕಾಲೇಜು. ಖಾಕಿ ಷರ್ಟುಗಳ ಗಂಟು ಬಿಚ್ಚಿ, ಅಲ್ಲೇ ಹಾಕಿಸಿ, ಸಾಲಾಗಿ ನಿಲ್ಲಿಸಿದರಂತೆ. ಅವ್ವ ಕತ್ತರಿಸದ ಅಂಗಿ ಅವಳ ಮೈಗೆ ಬಂದದ್ದು ಅದೇ ಮೊದಲು. ಹಿಂದಿನಿಂದ ನೋಡುತ್ತ ಬಂದ ಮ್ಯಾಡಮ್ಮು, “ಸೀಧೀ ಖಡೀ ರಹೋ”, ನೆಟ್ಟಗೆ ನಿಲ್ಲು, ಎಂದಳು. ರೇಣು ಇನ್ನಷ್ಟು ಸೆಟೆದಳು. ಮ್ಯಾಡಮ್ಮು ಮತ್ತೆ ಅದನ್ನೇ ಹೇಳಿದಳು. ರೇಣು, “ಮೈ ಸೀಧೀ ಹೀ ಖಡೀ ಹೂಂ, ಮ್ಯಾಡಮ್” ಎಂದಳು. ಆ ಹೆಂಗಸು ಒಳ್ಳೆಯವಳಿರಬೇಕು. ಪಕ್ಕಕ್ಕೆ ಕರೆದು, ಬಗ್ಗಿಸಿ, ಬೆನ್ನ ಮೇಲೆ ಕೈಯಾಡಿಸಿ, ಮನೆಯವರನ್ನು ಕರೆದುಕೊಂಡು ಡಾಕ್ಟರಲ್ಲಿಗೆ ಹೋಗು ಎಂದು ಕಳಿಸಿದಳು.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರ ಮುಂದೆ ಇಂಗ್ಲಿಷು ಬರುವವರೊಬ್ಬರು ಇರಲಿ ಎಂದು ಆಕೆಯ ಗಂಡ ಕೇಳಿಕೊಂಡಿದ್ದ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಬೆನ್ನುಮೂಳೆ ಬಳ್ಳಿಯ ಹಾಗೆ ಬಳುಕಿ ನಿಂತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಬೇಸರಪಟ್ಟುಕೊಂಡೇ ಹೇಳಿದರು. ಮೂಳೆ ಇನ್ನೂ ಬೆಳೆಯುತ್ತಿದ್ದಾಗ ಬಂದಿದ್ದರೆ ಬೆಲ್ಟು ಹಾಕಿ ತಡೆಯಬಹುದಿತ್ತು. ಈಗ ಬೆಳವಣಿಗೆ ಮುಗಿದಿದೆ. ಆಪರೇಷನ್ನು ದೊಡ್ಡದು, ಅದರ ಅಪಾಯವೂ ದೊಡ್ಡದು, ಒತ್ತಾಯ ಮಾಡಲಾರೆ. ಒಂದು ಕಡೆಯ ಶ್ವಾಸಕೋಶಕ್ಕೆ ಜಾಗ ಸಾಲದು, ಮೆಟ್ಟಿಲು ಹತ್ತುವಾಗ ಆಯಾಸವಾಗುತ್ತದೆ, ಜೋಪಾನವಾಗಿರಬೇಕು. ಆಮೇಲೆ ಹಿಂದಿಯಲ್ಲಿ ಆಕೆಯನ್ನು ಕೇಳಿದರು, “ಇಷ್ಟು ವರ್ಷ ನಿಮಗೆ ಕಾಣಲೇ ಇಲ್ವಾ?”

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಆಕೆಯನ್ನು ದೂರುತ್ತಿರಲಿಲ್ಲ. ಆಕೆ ಮೇಜಿನ ಅಂಚು ನೋಡುತ್ತ ಹೇಳಿದಳು, “ದಿಖಾ ಥಾ. ಆಠ್ವೀ ಮೇ ಥೀ ತಬ್.” ಕಂಡಿತ್ತು, ಇವಳು ಎಂಟನೇ ಕ್ಲಾಸಿನಲ್ಲಿದ್ದಾಗಲೇ.

ರೇಣು ಅವ್ವನ ಕಡೆ ತಿರುಗಿದಳು. ನಾನು ಕ್ಲಾಸಿನಲ್ಲಿ ಸಾವಿರ ಮಕ್ಕಳ ಮುಖ ನೋಡಿದವಳು. ಆ ಮುಖವನ್ನು ಈಗಲೂ ಮರೆಯಲಾರೆ.

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾರದ ಸಿಟ್ಟು ಬಂದಿತ್ತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿಯೇಬಿಟ್ಟೆ. ಆಕೆ ತಡೆದು ತಡೆದು ಹೇಳಿದಳು. “ಹೆಣ್ಣಮಗಳ ಮೈ ಅಕ್ಕೋರ. ಒಮ್ಮಿ ದವಾಖಾನಿ ಚೀಟಿ ಮ್ಯಾಲೆ ಬಂದ್ರ ಊರಾಗೆಲ್ಲಾ ಬಂದಂಗ. ಪಟ್ಟಾ ಕಟ್ಟಿದ್ರ ಮಂದಿ ನೋಡತಾರ, ಕೇಳತಾರ. ಬಟ್ಟಿಯೊಳಗಿದ್ದದ್ದು ಬಟ್ಟಿಯೊಳಗ ಉಳೀತಿತ್ತು. ಇದು ಇಷ್ಟು ಬೆಳೀತೈತಿ ಅಂತ ನನಗ ಗೊತ್ತಿರಲಿಲ್ರೀ. ಸ್ವಲ್ಪ ಸೊಟ್ಟ ಇದ್ರ ಬಾಳೇವು ಆಗೂದಿಲ್ಲೇನು? ಆಗತೈತಿ.”

“ಆಗತ್ತೆ ಅಂತ ನಿಮಗೆ ಯಾರು ಹೇಳಿದ್ರು?”

ಆಕೆ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು ಕೂತಳು. ಅದು ಆಕೆಯ ರೂಢಿ. ಮೇ ತಿಂಗಳ ಬೇಗೆಯಲ್ಲಿ ಮಷೀನಿನ ಮುಂದೆ ಕೂತಾಗಲೂ ಸೆರಗು ಹಾಗೇ ಇರುತ್ತಿತ್ತು.

ಮನೆಗೆ ಬಂದ ಮೇಲೆ ರೇಣು ಅಳಲಿಲ್ಲ, ಕೂಗಾಡಲಿಲ್ಲ. ಒಂದು ಮಾತು ಹೇಳಿದಳು. ನಮ್ಮ ಬಾಗಿಲುಗಳು ತೆರೆದಿದ್ದವು, ಕೇಳಿಸಿತು. “ಅವ್ವಾ, ನನ್ನ ಬೆನ್ನು ನೋಡಿ ನನಗೇನ ನಾಚಿಕಿ, ಶರಮ್ ಆಗಿದ್ದಿಲ್ಲ. ನಿನಗ ಆಗಿತ್ತು. ಅದಕ್ಕ ನನ್ನ ಮುಚ್ಚಿಟ್ಟಿ.” ಆ ಮೇಲೆ ಅವ್ವ ಹೊಲಿದ ಒಂದು ಬಟ್ಟೆಯನ್ನೂ ಅವಳು ಮೈಗೆ ಹಚ್ಚಲಿಲ್ಲ. ಸ್ಟೇಶನ್ ರೋಡಿನ ಫುಟ್‌ಪಾತಿನಿಂದ ಟೀಶರ್ಟು, ಅಂಗಡಿಯಿಂದ ಕುರ್ತಾ ತಂದಳು. ಅವು ಅವಳ ಮೇಲೆ ಒಂದು ಕಡೆ ಏರಿ, ಒಂದು ಕಡೆ ಜಾರಿ, ಬೆನ್ನ ಗೂನನ್ನು ಊರಿಗೆಲ್ಲ ಹೇಳುತ್ತಿದ್ದವು. ಹೇಳಲಿ ಎಂದೇ ಅವಳು ಹಾಕಿಕೊಳ್ಳುತ್ತಿದ್ದಳು. ಬಿಲ್ಡಿಂಗಿನವರು ಮೊದಲು ಪಿಸುಗುಟ್ಟಿದರು, ಆಮೇಲೆ ಮರುಕಪಟ್ಟರು, ಕೊನೆಗೆ ರೂಢಿಯಾಗಿ ಸುಮ್ಮನಾದರು. ಅವ್ವನಿಗೆ ಮಾತ್ರ ರೂಢಿಯಾಗಲಿಲ್ಲ. ರೇಣು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ದಿನಾ ಅವಳು ಆಫೀಸಿಗೆ ಹೊರಟಾಗ ಗ್ಯಾಲರಿಯಲ್ಲಿ ನಿಂತು ಆ ಬೆನ್ನು ಗೇಟು ದಾಟುವವರೆಗೆ ನೋಡುತ್ತಿದ್ದಳು. ಬೆರಳುಗಳು ಸುಮ್ಮನಿರುತ್ತಿರಲಿಲ್ಲ, ಸೀರೆಯ ಅಂಚನ್ನೇ ಹಿಡಿದು ಮಡಿಸುತ್ತಿದ್ದವು.

ಆಕೆಗಿದ್ದ ಆಸೆ ಒಂದೇ. ಮಗಳು ಒಂದು ಸಲ, ಒಂದೇ ಸಲ, ತಾನು ಹೊಲಿದದ್ದನ್ನು ಹಾಕಿಕೊಳ್ಳಬೇಕು. ಮದುವೆಯ ಮಾತನ್ನು ಆಕೆ ಬಿಟ್ಟೇಬಿಟ್ಟಿದ್ದಳು. ಆ ಬಟ್ಟೆಯ ಮಾತನ್ನು ಬಿಟ್ಟಿರಲಿಲ್ಲ. ಒಂದು ದೀಪಾವಳಿಗೆ ಹಸಿರು ಕಾಟನ್ನಿನ ಕುರ್ತಾ ಹೊಲಿದು, ಇಸ್ತ್ರಿ ಮಾಡಿ, ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಹತ್ತಿರ ತಂದಳು. “ನೀವು ತಂದೀರಿ ಅಂತ ಕೊಡ್ರಿ ಅಕ್ಕೋರ. ನೀವು ಕೊಟ್ರ ಒಲ್ಲೆ ಅನ್ನೂದಿಲ್ಲ.” ಕುರ್ತಾವನ್ನು ಎಷ್ಟು ಜಾಣತನದಿಂದ ಹೊಲಿದಿದ್ದಳೆಂದರೆ, ಅಂಗಡಿಯದೆಂದು ನಂಬಿಸಲು ಒಳಗೆ ಯಾವುದೋ ಹಳೆಯ ಷರ್ಟಿನ ಲೇಬಲ್ಲನ್ನೂ ಕೂಡಿಸಿದ್ದಳು. ನನಗೆ ನಗು ಬಂತು, ಮರುಕವೂ ಆಯಿತು.

ರೇಣುನನ್ನು ಕರೆದು ಕೊಟ್ಟೆ. ಅವಳು ಖುಷಿಯಾಗಿ ಒಳಗೆ ಹೋಗಿ ಹಾಕಿಕೊಂಡು ಬಂದಳು. ನನ್ನ ಬೀರುವಿನ ಉದ್ದ ಕನ್ನಡಿಯ ಮುಂದೆ ನಿಂತಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು ಹುಡುಗಿ. ಪಕ್ಕಕ್ಕೆ ತಿರುಗಿದಳು, ಭುಜ ಮುಟ್ಟಿಕೊಂಡಳು, ಮುಖ ಆರಿತು.

“ಆಂಟಿ, ಇದು ನನಗ ಸರಿಯಾಗಿ ಕುಂತದ,” ಎಂದಳು. “ದುಕಾನಿಂದು ನನಗ ಸರಿ ಕೂಡೂದಿಲ್ಲ.”

ಅವಳು ಬದಲಾಯಿಸಿ ಬಂದು, ಕುರ್ತಾವನ್ನು ಒಪ್ಪವಾಗಿ ಮಡಿಸಿ ನನ್ನ ಕೈಗೆ ಕೊಟ್ಟಳು. ಸಿಟ್ಟು ಮಾಡಲಿಲ್ಲ. ಗ್ಯಾಲರಿಯಲ್ಲಿ, ಬಾಗಿಲ ಮರೆಯಲ್ಲಿ ನಿಂತಿದ್ದ ಆಕೆಗೆ ನಾನು ಏನೂ ಹೇಳಬೇಕಾಗಲಿಲ್ಲ. “ನಾ ಸೊಟ್ಟ ಹೊಲೀಬೇಕಿತ್ರಿ” ಎಂದಷ್ಟೇ ಹೇಳಿ ಚೀಲ ತೆಗೆದುಕೊಂಡು ಹೋದಳು.

ತಾಯಿ ಮಗಳು ಜಗಳಾಡಿದವರಲ್ಲ. ಅದೇ ಕಷ್ಟ. ಒಟ್ಟಿಗೆ ಉಣ್ಣುತ್ತಿದ್ದರು, ಸಂತೆ ತರಕಾರಿ ಮಾತಾಡುತ್ತಿದ್ದರು, ಅವ್ವನಿಗೆ ಜ್ವರ ಬಂದರೆ ರೇಣು ರಜೆ ಹಾಕುತ್ತಿದ್ದಳು. ಜಗಳಾಡಿದ್ದರೆ ರಾಜಿಯಾದರೂ ಆಗುತ್ತಿತ್ತು ಎಂದು ನನಗೆ ಅನಿಸುತ್ತಿತ್ತು. ಮಂಜು ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಮಷೀನಿನ ಮೇಲೆ ಹಳೆಯ ಬೆಡ್‌ಶೀಟು ಬಿತ್ತು. ಆಕೆಯ ಏದುಸಿರು ಹೆಚ್ಚಾಯಿತು. ಜೀವಮಾನವಿಡೀ ನುಂಗಿದ ನೂಲಿನ ಧೂಳು ಎಂದು ಬಿಲ್ಡಿಂಗಿನವರೆಲ್ಲ ತೀರ್ಪು ಕೊಟ್ಟೆವು. ಡಾಕ್ಟರಲ್ಲಿಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಬಂದರೂ ಎದೆಗೆ ಸ್ಟೆತೊಸ್ಕೋಪು ಇಡಿಸಿಕೊಳ್ಳುತ್ತಿದ್ದಳು, ಬೆನ್ನಿಗೆ ಬೇಡ ಎನ್ನುತ್ತಿದ್ದಳು. ಹಳ್ಳಿಯ ಸಂಕೋಚ ಎಂದುಕೊಂಡಿದ್ದೆ.

ಹೆಣ ಮನೆಗೆ ಬಂದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಂದವರು ಕೂತ ಹೆಣಕ್ಕೆ ನಮಸ್ಕಾರ ಮಾಡಿ ಹೋಗಬೇಕು. ಅವರ ಊರಿನ ಕಡೆಯ ಹಿರಿಯ ಹೆಂಗಸೊಬ್ಬಳು, ಕ್ರಮ ಬಲ್ಲವಳು, ಮಲಾಡಿನಿಂದ ಬಂದಿದ್ದಳು. ಗಂಡಸರನ್ನು ಗ್ಯಾಲರಿಗೆ ಕಳಿಸಿ ಬಾಗಿಲು ಹಾಕಿದೆವು. ಒಳಗೆ ಆ ಹಿರಿಯಳು, ರೇಣು ಮತ್ತು ನಾನು. ರೇಣು ಅವ್ವನನ್ನು ಎದೆಗೆ ಆನಿಸಿಕೊಂಡು ಕೂತಳು, ನಾನು ಬೆನ್ನಿಗೆ ನೀರು ಹಾಕಿದೆ.

ಹಾಕಿದವಳು ಚೊಂಬು ಹಿಡಿದು ಹಾಗೇ ನಿಂತೆ. ಆಸ್ಪತ್ರೆಯಲ್ಲಿ ರೇಣುನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ನೋಡಿದ್ದೆನಲ್ಲ, ಅದೇ ಬಳುಕು, ಅದೇ ಪಕ್ಕಕ್ಕೆ, ಮುದಿ ಚರ್ಮದ ಕೆಳಗೆ ಇನ್ನೂ ಹೆಚ್ಚಾಗಿ. ಒಂದು ಕಡೆಯ ಪಕ್ಕೆಲುಬು ಗೂನಾಗಿ ಎದ್ದಿತ್ತು. ರೇಣು ನನ್ನ ಮುಖ ನೋಡಿ, ಅವ್ವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಒದ್ದೆ ಕೈಯನ್ನು ಆ ಬೆನ್ನ ಮೇಲೆ ಮೇಲಿನಿಂದ ಕೆಳಗೆ ಆಡಿಸಿದಳು. ಆಮೇಲೆ ಅದೇ ಕೈಯನ್ನು ತನ್ನ ಬೆನ್ನ ಹಿಂದೆ ಒಯ್ದಳು.

ಅವ್ವನನ್ನು ನಮಗೊಪ್ಪಿಸಿ, ಬಾಗಿಲು ಸ್ವಲ್ಪವೇ ತೆರೆದು, ಅಪ್ಪನನ್ನು ಒಳಗೆ ಕರೆದಳು. “ಅಪ್ಪಾ, ಅವ್ವನ ಬೆನ್ನು.” ಅಷ್ಟೇ ಕೇಳಿದ್ದು.

ಅವನು ಹೆಣದ ಕಡೆ ನೋಡಲಿಲ್ಲ. “ಲಗ್ನ ಆದ ಮ್ಯಾಲೆ ನನಗ ಗೊತ್ತಾತು,” ಎಂದ. “ಅತ್ತಿಯವರಿಗಿ ಹೇಳಬ್ಯಾಡ್ರಿ, ನನ್ನ ತವರಿಗಿ ಹೊಳ್ಳಿ ಕಳಸ್ತಾರ ಅಂತ ನನ್ನ ಕಾಲ ಹಿಡದಿದ್ಲು. ಹೇಳೂದಿಲ್ಲ ಅಂತ ಮಾತು ಕೊಟ್ಟೆ. ಅಕಿ ತನ್ನ ಕುಬಸಾ ತಾನ ಕತ್ತರಿಸಿಕೋತಿದ್ಲು. ಯಾರಿಗೂ ತಿಳೀಲಿಲ್ಲ.”

“ನನಗರೆ ಹೇಳಬಾರದಿತ್ತು?”

“ನಿನಗಂತೂ ಬ್ಯಾಡಂದಿದ್ಲು. ತನ್ನಿಂದ ನಿನಗ ಬಂತು ಅಂತ ಅಕಿ ಮನಸಿನಾಗ ಇತ್ತವ್ವಾ. ಅದೊಂದು ಮಾತು ಅಕಿಗಿ ಬಾಯಿಬಿಟ್ಟು ಹೇಳಾಕ ಆಗಲಿಲ್ಲ. ರೇಣು ಏನರೆ ಬೈಲಿ, ಬೈಸಿಕೋತೇನಿ ಅಂತಿದ್ಲು.”

ಅವನು ಹೊರಗೆ ಹೋದ. ರೇಣು ಗೋಡೆ ಹಿಡಿದು ನಿಂತಳು. “ನನ್ನ ನೋಡಿ ಅಕಿಗಿ ಶರಮ್ ಅಂತ ತಿಳಕೊಂಡಿದ್ದೆ ಆಂಟಿ,” ಎಂದಳು. ಇಷ್ಟು ವರ್ಷ ಆ ಒಂದು ಮಾತನ್ನು ನುಂಗಿಕೊಂಡು, ಮಗಳ ಕಣ್ಣಲ್ಲಿ ಅಪರಾಧಿಯಾಗಿಯೇ ಬಾಳಿದ ಆ ಹೆಂಗಸಿನ ಮೇಲೆ ನನಗೆ ಮತ್ತೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ದುಃಖ ಬಂತು.

ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದೆವು. ಆಕೆ ಎಡಕ್ಕೆ ವಾಲಿದಳು. ಸರಿಪಡಿಸಿದೆವು, ಮತ್ತೆ ವಾಲಿದಳು. ಮಲಾಡಿನ ಹಿರಿಯಳು ಬೇಸತ್ತು, “ನೆಟ್ಟಗ ಕೂಡವಲ್ಲಳು. ಇರಲಿ ಬಿಡ್ರಿ, ಬಾಗಲಾ ತಗೀರಿ, ಮಂದಿ ಕಾಯಾಕತ್ತೈತಿ” ಎಂದಳು.

“ಸ್ವಲ್ಪ ನಿಲ್ಲ್ರಿ,” ಎಂದಳು ರೇಣು.

ಕಪಾಟಿನಿಂದ ಒಂದು ಟವಲು ತಂದು ಮಡಿಸಿ ಅವ್ವನ ಎಡಭುಜದ ಹಿಂದೆ ಇಟ್ಟಳು. ಬಾಗಿಲವರೆಗೆ ಹೋಗಿ ನಿಂತು ನೋಡಿದಳು. ಹೆಚ್ಚಾಯಿತೆಂದು ತೋರಿತೇನೋ, ಬಂದು ಒಂದು ಮಡಿಕೆ ಬಿಚ್ಚಿದಳು. ಮತ್ತೆ ದೂರ ಹೋಗಿ, ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ಸೆರಗನ್ನು ಎರಡೂ ಭುಜಗಳ ಮೇಲೆ ಸಮವಾಗಿ ಎಳೆದು ಮುಂದಕ್ಕೆ ತಂದಳು. ಎಲ್ಲ ಸರಿಯಾಯಿತೆಂದು ಖಾತ್ರಿಯಾದ ಮೇಲೆ ಯಾರನ್ನೂ ಕೇಳದೆ ತಾನೇ ಬಾಗಿಲು ತೆಗೆದಳು.

ಜನ ಒಬ್ಬೊಬ್ಬರಾಗಿ ಬಂದರು. ಕೆಳಗಿನ ಮನೆಯ ವಹಿನಿ ಬಂದಳು, ಸೆಟ್ಟಿನ ಬಡಗಿಗಳು ಬಂದರು, ಪುಣೆಯಿಂದ ಮಂಜು ಬಂದು ಕಾಲ ಮೇಲೆ ಬಿದ್ದು ಅತ್ತ. ಎಲ್ಲರೂ ಆಕೆಯ ಮುಂದೆ ಕೈಮುಗಿದು, ತುಸು ಹೊತ್ತು ನೋಡಿ, ಮಳೆಯಲ್ಲಿ ಇಳಿದು ಹೋದರು. ಆಕೆ ನೆಟ್ಟಗೆ ಕೂತಿದ್ದಳು, ಯಾರಿಗೂ ಏನೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ರೇಣು, ಒಂದು ಕಡೆ ಏರಿ ಒಂದು ಕಡೆ ಜಾರಿದ ಅಂಗಡಿಯ ಕುರ್ತಾದಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿದ್ದಳು.